ಸಿಟ್ಟಿಟ್ಟುಕೊಂಡು ಉಣ್ಣದ ಮನೆ

ಮದಕರಿಪುರದಾಚೆ ಆಟೋ ಇಳಿದಾಗ ಮುದ್ದಕ್ಕನ ತಲೆಯಲ್ಲಿದ್ದದ್ದು ಒಂದೇ: ಇವತ್ತು ಮಗನನ್ನು ಕರೆದುಕೊಂಡೇ ಹೋಗಬೇಕು. ಆದಿವಾಲದ ಮನೆಯಲ್ಲಿ ಗಂಡ ಉಗ್ರಪ್ಪ ಲಕ್ವ ಹೊಡೆದು ಮಲಗಿದ್ದ. ಕುರಿ ಹಿಂದೆ ಬಯಲು ಸುತ್ತಿದ ಆಳು, ಹಾಸಿಗೆ ಹಿಡಿದರೂ ಮೈ ಕರಗಿರಲಿಲ್ಲ. ನಿನ್ನೆ ಅವನನ್ನು ಎತ್ತಿ ಕೂರಿಸಲು ಹೋಗಿ ಅವಳ ಸೊಂಟ ಹಿಡಿಯಿತು, ಅವನು ಜಾರಿ ನೆಲಕ್ಕೆ ಬಿದ್ದ. ಪಕ್ಕದ ಮನೆ ಕೆಂಚಕ್ಕ ಹೊಲದಿಂದ ಬರುವ ತನಕ ಗಂಡ ಹೆಂಡತಿ ಇಬ್ಬರೂ ನೆಲದ ಮೇಲೇ ಕೂತು ಅತ್ತರು. ಇವತ್ತೊಂದು ದಿನ ನೋಡಿಕೊಳ್ಳಲು ಕೆಂಚಕ್ಕ ಒಪ್ಪಿದ್ದೇ ದೊಡ್ಡದು.

ಮಗ ಗಿರೀಶ ಇದ್ದದ್ದು ಕ್ರೈಸ್ತರ ಮನೆಯಲ್ಲಿ. ಮಠವಲ್ಲ, ಹಾಸ್ಟೆಲ್ಲೂ ಅಲ್ಲ, ಮನೆಯೇ. ಯಾರ್ಯಾರೋ ಹೆತ್ತ ಮಕ್ಕಳು, ಯಾರಿಗೂ ಬೇಡವಾದ ಮುದುಕರು, ಎಲ್ಲ ಒಂದೇ ಒಲೆಯ ಅಡುಗೆ ಉಂಡು ಅಣ್ಣ, ಅಕ್ಕ ಅಂದುಕೊಂಡು ಇದ್ದರು. ಕುಡಿತ ಬಿಡಲು ಬಂದ ಗಿರೀಶ ಬಿಟ್ಟ ಮೇಲೂ ಅಲ್ಲೇ ಉಳಿದ. ಹುಡುಗ ಕೆಟ್ಟ ಅಂದರು ಊರವರು. ಕುಡಿದು ಚರಂಡಿಯಲ್ಲಿ ಬಿದ್ದಿದ್ದಾಗ ಒಬ್ಬರೂ ಹಾಗೆ ಅಂದಿರಲಿಲ್ಲ.

ಪಡಸಾಲೆಗೆ ಕಾಲಿಟ್ಟವಳಿಗೆ ಕಂಡದ್ದೇ ಹೊಟ್ಟೆ ಉರಿಸುವ ನೋಟ. ಗಿರೀಶ ಒಬ್ಬ ಮುದುಕನನ್ನು ತಬ್ಬಿ ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುತ್ತಿದ್ದ.

"ಯಾರಲೇ ಅದು?"

"ಎರ್ರಿಸ್ವಾಮಿ ಅಜ್ಜ, ಅವ್ವ. ಅವರಿಗೆ ಯಾರೂ ಇಲ್ಲ."

"ನಿಮ್ಮಪ್ಪಗೆ ಯಾರವ್ರೆ? ನಿನ್ನೆ ನೆಲಕ್ ಬಿದ್ದ. ನನ್ ಕೈಲಿ ಎತ್ತಾಕ್ ಆಗ್ಲಿಲ್ಲ. ನಡಿ, ಹೋಗಾಣ."

ಗಿರೀಶ ತಲೆ ತಗ್ಗಿಸಿದ. "ಆ ಊರಿಗೆ ಬಂದ್ರೆ ಮತ್ತೆ ಕುಡಿತೀನಿ ಅವ್ವ. ಕುಡಿದು ಅಪ್ಪನ ಮೇಲೆ ಕೈ ಮಾಡ್ದೋನು ನಾನು. ಅಪ್ಪನ್ನೇ ಇಲ್ಲಿಗೆ ಕರ್ಕಂಬಾ."

"ಕೇಳ್ದೆ. ಮನೆದೇವ್ರನ್ನ ಬಿಟ್ ಬರಲ್ಲ ಅಂತ ಗೋಡೆ ಕಡೆ ತಿರುಗ್ದ."

ಅಷ್ಟರಲ್ಲಿ ಊಟದ ಹೊತ್ತಾಯಿತು. ಮನೆಯ ಹಿರಿಯ ಜಂಪಣ್ಣ ಚಾಪೆ ಹಾಸಿ, "ಬರ್ರಿ ಅಕ್ಕ, ಕುಂತ್ಕಳ್ರಿ" ಅಂದ. ಕೂತಳು. ಮುದ್ದೆ ಬಂತು, ಹುರುಳಿ ಸಾರು ಬಂತು. ಮುದ್ದಕ್ಕ ತಟ್ಟೆಯನ್ನು ಆಚೆ ತಳ್ಳಿದಳು.

"ಇವನು ಬರ್ತೀನಿ ಅನ್ನೋಗಂಟ ಒಂದ್ ತುತ್ತೂ ಮುಟ್ಟಲ್ಲ."

ಗಂಡನ ಹಟ ಮುರಿದದ್ದು, ಮಗನನ್ನು ಬಗ್ಗಿಸಿದ್ದು, ಎಲ್ಲ ಈ ಉಪವಾಸದಿಂದಲೇ. ಆದರೆ ಇಲ್ಲಿ ಅದು ತಿರುಗುಬಾಣವಾಯಿತು. ಮಕ್ಕಳು ಉಂಡರು, ಎರ್ರಿಸ್ವಾಮಿ ಅಜ್ಜನಿಗೆ ಯಾರೋ ಉಣಿಸಿದರು. ದೊಡ್ಡವರೊಬ್ಬರೂ ಕೈ ಹಾಕಲಿಲ್ಲ.

"ನೀವ್ ಉಣ್ರಪ್ಪ, ನಿಮಗೇನಾಗೈತೆ?"

"ಪಂಕ್ತೀಲಿ ಒಬ್ರಿಗೆ ಇನ್ನೊಬ್ರ ಮೇಲೆ ಸಿಟ್ಟಿದ್ರೆ, ಅದು ಇಳಿಯೋಗಂಟ ನಾವು ತುತ್ತು ಎತ್ತಲ್ಲಕ್ಕ. ಈ ಮನೆ ಪದ್ಧತಿ" ಅಂದ ಜಂಪಣ್ಣ.

"ನಾನು ಈ ಮನೆಯೋಳಲ್ಲ."

"ಪಂಕ್ತೀಲಿ ಕುಂತಿದೀರಲ್ಲ."

ಮಗನನ್ನು ಇಟ್ಟುಕೊಂಡವರ ಜೊತೆ ಜಗಳವಾಡಲು ಬಂದವಳಿಗೆ ಸಿಕ್ಕಿದ್ದು ಇದು. ಹೊಲದಿಂದ ದಣಿದು ಬಂದವರು ಆರುತ್ತಿದ್ದ ಮುದ್ದೆಯನ್ನು ನೋಡುತ್ತಾ ಕೂತಿದ್ದರು, ಒಬ್ಬರ ಮುಖದಲ್ಲೂ ಮುನಿಸಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತ ಕೆಂಚಕ್ಕ ದಾರಿ ಕಾಯುತ್ತಿದ್ದಾಳೆ, ನಾಳೆ ಬೆಳಗಾದರೆ ಮತ್ತೆ ಆ ಮೈ, ಈ ಸೊಂಟ. ಅವಳು ಕೂಗಿಯೇಬಿಟ್ಟಳು.

"ಕುಡಿ ಕಣಲೇ! ದಿನಾ ಕುಡಿ. ಬೇಕಾದ್ರೆ ನನ್ನೂ ಹೊಡಿ. ನಿಮ್ಮಪ್ಪನ್ನ ಎತ್ತಾಕೆ ಇನ್ನೆರಡು ಕೈ ಬೇಕು ನಂಗೆ, ಅಷ್ಟೇ. ಕುಡುಕನ ಕೈ ಆದ್ರೂ ಆದೀತು."

ಗಿರೀಶ ಎದ್ದು ಒಳಗೆ ಹೋದ. ಬಟ್ಟೆ ಚೀಲ ಹಿಡಿದು ಹೊರಗೆ ಬಂದ.

"ನಡಿ ಅವ್ವ, ಬರ್ತೀನಿ."

ಗೆದ್ದಳು ಮುದ್ದಕ್ಕ. ಆದರೆ ವೈನ್ ಶಾಪಿನ ಬಾಗಿಲು ತೆಗೆಯುವುದನ್ನು ಕಾಯುತ್ತಿದ್ದ ದಿನಗಳ ಮುಖ ಆಗಲೇ ಅವನಿಗೆ ಬಂದಿತ್ತು. ಆ ಮುಖವನ್ನು ತಾನೇ ಕೂಗಿ ಕರೆದೆ ಅನ್ನಿಸಿ ಅವಳಿಗೆ ಹೆದರಿಕೆಯಾಯಿತು. ಕರೆದೊಯ್ದರೆ ಗಂಡನೂ ಏಳುವುದಿಲ್ಲ, ಮಗನೂ ಬೀಳುತ್ತಾನೆ.

ಅವಳು ತಟ್ಟೆಯನ್ನು ಎಳೆದುಕೊಂಡಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಅದರ ಹಿಂದೆಯೇ ಇನ್ನೊಂದು ತುತ್ತು ನುಂಗಿದಳು. ಸುತ್ತ ಕೂತವರು ಒಬ್ಬೊಬ್ಬರಾಗಿ ತಟ್ಟೆಗೆ ಕೈ ಹಾಕಿದರು. ಅವ್ವನ ಸಿಟ್ಟು ಇಳಿದಿದೆ ಎಂದು ಗಿರೀಶನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ, ಅವನು ನಿಂತಲ್ಲೇ ಬಿಕ್ಕಿದ.

"ಚೀಲ ಒಳಗಿಡು" ಅಂದಳು ಕೈ ತೊಳೆದು. "ಆ ಅಜ್ಜನ್ನ ಒಬ್ನೇ ಹೆಂಗ್ ಎತ್ತಿದೆ? ನಂಗೆ ಕಲ್ಸು."

ಗಿರೀಶ ಅವಳನ್ನು ಮಂಚದಂಚಿಗೆ ಕೂರಿಸಿದ. "ನೀನೇ ಅಪ್ಪ ಅನ್ಕ." ಅವಳ ತೋಳುಗಳನ್ನು ತನ್ನ ಕೊರಳಿಗೆ ಹಾಕಿಕೊಂಡ. "ಸೊಂಟ ಬಗ್ಗಿಸಬ್ಯಾಡ, ಮಂಡಿ ಬಗ್ಗಿಸು. ಹಿಂಗೆ ತಬ್ಕ. ಆಮೇಲೆ ಏಳು." ಅವಳು ಸಲೀಸಾಗಿ ಎದ್ದು ನಿಂತಳು.

"ಗೊತ್ತಾಯ್ತಾ ಅವ್ವ?"

ಗೊತ್ತಾಗಿತ್ತು. ಆದರೂ ಅವಳು ಕೊರಳು ಬಿಡಲಿಲ್ಲ.

"ಇಲ್ಲ" ಅಂದಳು. "ಇನ್ನೊಂದ್ ಸಲ ಎತ್ತು."