ನಾಲ್ಕು ಮೂಲೆಗೆ ಅರಿಶಿನ

ರಮೇಶ್‌ಬಾಬು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಗಳು ಮೌನಿಕಾಳ ಮದುವೆಗೆ ಒಂದೇ ಒಂದು ಕಾಗದದ ಪತ್ರಿಕೆಯನ್ನೂ ಅಚ್ಚು ಹಾಕಿಸುವುದಿಲ್ಲವೆಂದು ಪಣ ತೊಟ್ಟ. ಮರ ಉಳಿಯಬೇಕಂತೆ! ಕಾರು ನಿಲ್ಲಿಸಲು ಮನೆ ಮುಂದಿನ ಹೊಂಗೆ ಮರ ಕಡಿಸಿದ ಮಹಾನುಭಾವ ಇವನೇ ಎಂಬುದು ಬೇರೆ ಮಾತು. ವಾಟ್ಸಾಪಿಗೆಂದು ಒಂದು ವಿಡಿಯೋ ಪತ್ರಿಕೆ ಮಾಡಿಸಿದ. ಅದರಲ್ಲಿ ನಾದಸ್ವರ ಮೊಳಗಿತು, ಗುಲಾಬಿ ಉದುರಿತು, ಹೆಣ್ಣು ಗಂಡು ಕಾಣುವ ಮೊದಲು ಕೋಟು ತೊಟ್ಟ ರಮೇಶ್‌ಬಾಬುವೇ ಕೈ ಮುಗಿದು ನಿಂತಿದ್ದ.

ಹೆಂಡತಿ ಕವಿತ ಗೋಗರೆದಳು. "ಎಲ್ಲಾರ್ಗೂ ಅದನ್ನೇ ಕಳ್ಸಿ, ಬೇಡ ಅನ್ನಲ್ಲ. ನಮ್ಮಣ್ಣಂಗೆ ಮಾತ್ರ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆ, ಎಲೆ ಅಡಿಕೆ ಇಟ್ಟು ಕೈಗೆ ಕೊಟ್ಬಿಟ್ಟು ಬರಣ. ಸೋದರಮಾವ ಕೈ ಹಿಡ್ದು ಕರ್ಕೊಂಡು ಬರ್ದೇ ಹುಡುಗಿ ಮಂಟಪಕ್ಕೆ ಬರೋದು ಹೆಂಗೆ?"

"ನಿಮ್ಮಣ್ಣಂಗೂ ಸ್ಮಾರ್ಟ್‌ಫೋನ್ ಐತೆ ಕಣೇ," ಎಂದು ರಮೇಶ್‌ಬಾಬು ಕಳಿಸಿಯೇಬಿಟ್ಟ. ಚಿಂತಾಮಣಿ ಪಕ್ಕದ ಅಂಬಾಜಿದುರ್ಗ ಬೆಟ್ಟದ ಬುಡದಲ್ಲಿ ಟೊಮೆಟೊ ಬೆಳೆಯುವ ಭಾವ ಮುನಿವೆಂಕಟಪ್ಪನಿಂದ ಆ ಕ್ಷಣವೇ ಮುಗಿದ ಕೈಗಳ ಚಿತ್ರ ಬಂತು. "ನೋಡಿದ್ಯಾ? ಕೆಲ್ಸ ಮುಗೀತು."

ಧಾರೆಯ ಬೆಳಿಗ್ಗೆ ಚಿಂತಾಮಣಿಯ ಕಲ್ಯಾಣಮಂಟಪದಲ್ಲಿ ಪುರೋಹಿತರು ಸೋದರಮಾವನನ್ನು ಕರೆದರು. ಸೋದರಮಾವ ಎಲ್ಲಿ? ಫೋನಿನಲ್ಲಿ. ವಿಡಿಯೋ ಕಾಲ್ ಮಾಡಿದ್ದ. ಜರಿ ಪಂಚೆ, ಪೇಟ, ಹಣೆಗೆ ಕುಂಕುಮ, ಎಲ್ಲ ಸರಿಯೇ. ಕೂತದ್ದು ಮಾತ್ರ ತನ್ನ ಮನೆಯ ಜಗಲಿಯ ಮೇಲೆ.

"ಫೋನಾಗೆ ಕರೆದ್ರಿ ಬಾವ, ಫೋನಾಗೇ ಬಂದಿದೀನಿ. ಹುಡುಗಿ ಮುಂದೆ ಹಿಡ್ಕೊಂಡು ನಡೀರಿ. ಅಕ್ಷತೆ ಸ್ಟಿಕ್ಕರು ಆಮೇಲೆ ಹಾಕ್ತೀನಿ."

ರಮೇಶ್‌ಬಾಬು ಫೋನನ್ನು ಸರಕ್ಕನೆ ಜೇಬಿಗೆ ತುರುಕಿದ. ಬೀಗರ ಕಡೆಯವರು ಮುಸಿಮುಸಿ ನಗುತ್ತಿದ್ದರು. ಒಳಗೆ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಓಡಿಹೋಗಿ ಕರೆಯೋಣವೆಂದರೆ ಕೈಗೆ ಕೊಡಲು ಒಂದು ಪತ್ರಿಕೆಯಾದರೂ ಇದ್ದರೆ ತಾನೇ! ಕಲ್ಯಾಣಮಂಟಪದ ಆಫೀಸಿನಲ್ಲಿ ಯಾರದೋ ಹಳೆಯ ಪತ್ರಿಕೆ ಬಿದ್ದಿತ್ತು, ಲಾವಣ್ಯ ಮತ್ತು ಸುನೀಲ್ ಎಂಬವರದು. ಪೆನ್ನಿನಿಂದ ಅವರಿಬ್ಬರನ್ನೂ ಹೊಡೆದುಹಾಕಿ, ಮಗಳು ಅಳಿಯನ ಹೆಸರು ಗೀಚಿ, ಮೂಲೆಗಳಿಗೆ ಅರಿಶಿನ ಮೆತ್ತಿ, ಕಾರು ಹತ್ತಿದ. ಕಾಗದದ ಪತ್ರಿಕೆಯೇ ಬೇಡವೆಂದವನು ಅದನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಹೋದ.

ಜಗಲಿಯ ಮುಂದೆ ಮುನಿವೆಂಕಟಪ್ಪನ ಕಾರು ಬಾಗಿಲು ತೆರೆದೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಡಿಲಕ್ಕಿ, ಸೀರೆ, ಹೂವಿನ ಬುಟ್ಟಿ. ಅವನು ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗೀಚಿದ್ದನ್ನು ನಿಧಾನವಾಗಿ ಓದಿ, ಕಣ್ಣಿಗೊತ್ತಿಕೊಂಡ.

"ಬೆಳಿಗ್ಗೆಯಿಂದ ಕಾಯ್ತಿದೀನಿ ಬಾವ. ನಡೀರಿ, ಮುಹೂರ್ತ ಮೀರೋಗ್ತೈತೆ."

ಮುಹೂರ್ತಕ್ಕೆ ಸರಿಯಾಗಿ ಇಬ್ಬರೂ ಕಲ್ಯಾಣಮಂಟಪ ತಲುಪಿದರು. ಮಾವನ ಕೈ ಹಿಡಿದು ಮೌನಿಕಾ ಮಂಟಪದ ಕಡೆ ಹೊರಟಳು. ರಮೇಶ್‌ಬಾಬುವಿಗೆ ಹೋದ ಜೀವ ಬಂತು. ಬಂದದ್ದೇ ತಡ, ಸ್ಟೇಟಸ್‌ಗೆ ಹಾಕಲು ಫೋನ್ ಎತ್ತಿ ಹಿಡಿದು, ಪರದೆಯನ್ನೇ ನೋಡುತ್ತಾ ಅವರ ಮುಂದೆ ಮುಂದೆ ಹಿಮ್ಮುಖವಾಗಿ ನಡೆದ. ಮಗಳು ನಿಂತುಬಿಟ್ಟಳು.

"ಮಾವ ಬಂದಾಯ್ತು ಅಪ್ಪ," ಎಂದಳು. "ನೀನು ಯಾವಾಗ ಬರ್ತೀಯ?"