ಆರು ಲಕ್ಷದ ಆದಾಯ ಪತ್ರ

ಸೀಟು ಸಿಕ್ಕ ದಿನ ಓಣಿಗೆಲ್ಲ ಸಕ್ಕರೆ ಹಂಚುತ್ತೇವೆ. ಮರುದಿನ ಬೆಳಿಗ್ಗೆಯೇ ಎದೆಯೊಳಗೆ ಚಿಂತೆ ಬಂದು ಕೂರುತ್ತದೆ. ಫೀಸೇನೋ ಕಟ್ಟಿದೆವು, ಆ ಊರಲ್ಲಿ ಕೂಸು ಉಣ್ಣುವುದೆಲ್ಲಿ, ಮಲಗುವುದೆಲ್ಲಿ?

ಅಳವಂಡಿಯ ಶೇಖರಮ್ಮನ ಮನೆಯಲ್ಲೂ ಹೀಗೇ ಆಯಿತು. ಮಗಳು ಅಮೃತಾಗೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಶೇಖರಮ್ಮ ಖಾನಾವಳಿಗೆ ರೊಟ್ಟಿ ಬಡಿದು ಕೂಡಿಸಿದ್ದೆಲ್ಲ ಫೀಸಿಗೆ ಹೋಯಿತು. ಹಾಸ್ಟೆಲಿನ ಮೊದಲ ಪಟ್ಟಿಯಲ್ಲಿ ಮಗಳ ಹೆಸರಿಲ್ಲ. ಹೊರಗೆ ರೂಮು, ಮೆಸ್ಸು, ಪುಸ್ತಕ, ಬಸ್ಸು ಎಂದರೆ ತಿಂಗಳಿಗೆ ಏಳು ಸಾವಿರ ದಾಟುತ್ತಿತ್ತು. ಗಂಡ ವಿರೂಪಾಕ್ಷಪ್ಪನದು ಸಣ್ಣ ಕಿರಾಣಿ ಅಂಗಡಿ. ಅವನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ.

“ಈ ವರ್ಷ ಮನ್ಯಾಗ ಇರಲಿ ಬಿಡು. ಮುಂದಿನ ವರ್ಷ ನೋಡೂಣು.”

ಮುಂದಿನ ವರ್ಷವೆಂದು ಮನೆಯಲ್ಲಿ ಕೂತ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ತಿರುಗಿ ಕಾಲೇಜು ಕಂಡಿದ್ದಾರೆ? ಶೇಖರಮ್ಮನಿಗೆ ಅದು ಗೊತ್ತಿತ್ತು. ಮೂರು ವಾರದೊಳಗೆ ಹಾಜರಾಗದಿದ್ದರೆ ಸೀಟು ಬೇರೆಯವರ ಪಾಲು.

ಆ ಭಾನುವಾರ ಪಕ್ಕದ ಮನೆಯ ಯಮನೂರಸಾಬನ ಮಗಳು ನಾಹೀದಾ ತವರಿಗೆ ಬಂದಿದ್ದಳು. ಅವಳು ಕೊಪ್ಪಳದಲ್ಲಿ ನರ್ಸ್. ಶೇಖರಮ್ಮ ಅವಳನ್ನು ಒಲೆಯ ಹತ್ತಿರ ಕೂಡಿಸಿಕೊಂಡು, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿಕೊಟ್ಟು ಮಾತು ತೆಗೆದಳು.

“ಚಿಗವ್ವ, ನಾ ನರ್ಸಿಂಗ್ ಓದಿದ್ದು ಹೆಂಗ ಅನ್ಕೊಂಡೀದಿ? ಅಪ್ಪ ಸೈಕಲ್ ಪಂಕ್ಚರ್ ಹಾಕಿದ ರೊಕ್ಕದಾಗೇನು? ಸ್ಕಾಲರ್‌ಶಿಪ್ ಬಂತು. ಸಾಲದಿದ್ದಷ್ಟಕ್ಕ ಬ್ಯಾಂಕಿನ್ಯಾಗ ಸಾಲ ತಗೊಂಡೆ.”

ಪಡಸಾಲೆಯಲ್ಲಿದ್ದ ವಿರೂಪಾಕ್ಷಪ್ಪ ಅಲ್ಲಿಂದಲೇ ಕೂಗಿದ. “ಸಾಲ ಅಂದ್ಯಾ? ಹೆಣ್ಣ ಹುಡುಗಿ ತಲಿ ಮ್ಯಾಲ ಸಾಲ ಹೊರಿಸಿದ್ರ ನಾಳೆ ಲಗ್ನಕ್ಕ ಯಾರ ಬರ್ತಾರವ್ವ?”

“ನನಗ ಬಂದ್ರಲ್ಲ ಕಾಕಾ! ನೀವೂ ಬಂದು ಎರಡ ಸಲ ಶೀರಾ ಹಾಕಿಸ್ಕೊಂಡ್ರಿ,” ಎಂದಳು ನಾಹೀದಾ. “ನಮ್ಮ ಅತ್ತಿ ಸಾಲದ ಸುದ್ದಿ ಕೇಳ್ಲಿಲ್ಲ, ಪಗಾರದ ಸುದ್ದಿ ಕೇಳಿದ್ಲು. ಕಂತು ನನ್ನ ಪಗಾರದಾಗ ಹೊಂಟೈತಿ.”

ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. “ಹೊಲ ಬರಕೊಡಬೇಕೇನು?”

“ನಾಕ ಲಕ್ಷದ ತನಕ ಹೊಲ-ಮನಿ ಅಡ ಇಡೂದ ಬ್ಯಾಡ್ರಿ. ನೀವರ, ಚಿಗವ್ವರ ಅಮೃತಾನ ಜೋಡಿ ಸಹಿ ಹಾಕಬೇಕು. ಫೀಸಿಗಷ್ಟ ಅಲ್ಲ, ರೂಮಿಗೂ ಊಟಕ್ಕೂ ಪುಸ್ತಕಕ್ಕೂ ಕೇಳಬಹುದು.”

“ಓದೂ ಹೊತ್ತಿನ್ಯಾಗನ ಕಂತು ಕಟ್ಟು ಅಂದ್ರ?”

“ಓದೂ ಮುಂದ ಕಟ್ಟಂಗಿಲ್ಲ. ಓದು ಮುಗದ ಮ್ಯಾಲೂ ಒಂದ ವರ್ಷ ಟೈಮ್ ಐತಿ. ಆದ್ರ ಬಡ್ಡಿ ಮೊದಲಿಂದನ ಬೆಳಕೋತ ಇರತೈತಿ, ಅದನ್ನ ಮುಚ್ಚಿಟ್ಟು ಹೇಳಂಗಿಲ್ಲ ನಾ. ಆದಾಯ ಕಡಿಮಿ ಇದ್ದೋರಿಗೆ ಕೆಲವು ಕೋರ್ಸಿನ ಬಡ್ಡಿ ಸರಕಾರನ ಕಟ್ಟತೈತಿ. ಇಕಿ ಕೋರ್ಸಿಗೆ ಬರತೈತೋ ಇಲ್ಲೋ ಬ್ಯಾಂಕಿನ್ಯಾಗ ಬಾಯಿ ಬಿಟ್ಟು ಕೇಳ್ರಿ.”

ನಾಹೀದಾ ಅಮೃತಾಳ ಕಡೆ ತಿರುಗಿದಳು. “ಮೊದಲ ತಿರುಗಿ ಕೊಡಬೇಕಿಲ್ಲದ ರೊಕ್ಕ ಕೇಳು. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕು. ಹಾಸ್ಟೆಲ್ ಸಿಗಲಾರದ ಹಿಂದುಳಿದ ವರ್ಗದ ಹುಡುಗ್ರಿಗೆ ಊಟ-ವಸತಿಗಂತ ವಿದ್ಯಾಸಿರಿ ಐತಿ, ಅದಕ್ಕೂ ಹಾಕು. ಹಾಸ್ಟೆಲಿನ ಎರಡನೇ ಪಟ್ಟಿನೂ ಬಿಡಬ್ಯಾಡ. ಎಷ್ಟು ಕಡಿಮಿ ಬೀಳತೈತಿ, ಅಷ್ಟ ಸಾಲ ಮಾಡು. ಕೊಡ್ತಾರಂತ ಜಾಸ್ತಿ ತಗೊಂಡು ಹೊಸಾ ಮೊಬೈಲ್ ಒಯ್ದೆಂದ್ರ ನಾನ ಬಂದು ಬಡೀತೀನಿ. ಎಲ್ಲಿ, ನಿಮ್ಮ ಜಾತಿ-ಆದಾಯ ತಾ ನೋಡೂಣು.”

ಅಮೃತಾ ಟ್ರಂಕಿನಿಂದ ಪ್ರಮಾಣಪತ್ರ ತಂದಳು. ನಾಹೀದಾ ಓದಿದಳು. ಇನ್ನೊಮ್ಮೆ ಓದಿದಳು.

“ಕಾಕಾ, ವರ್ಷಕ್ಕ ಆರು ಲಕ್ಷ! ಅಂಗಡ್ಯಾಗ ಸಕ್ಕರಿ ಮಾರ್ತೀರೋ ಬಂಗಾರ ಮಾರ್ತೀರೋ?”

ವಿರೂಪಾಕ್ಷಪ್ಪ ತಲೆ ಎತ್ತಿ ಮಾಳಿಗೆಯ ಜಂತಿ ನೋಡತೊಡಗಿದ. ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಮಗ ಗುರುಬಸವನಿಗೆ ಹೆಣ್ಣು ಕೊಡಲು ಕನಕಗಿರಿಯವರು ಮನೆ ನೋಡಲು ಬಂದಿದ್ದರು. ಅದೇ ಹೊತ್ತಿಗೆ ಅಮೃತಾಳ ಆದಾಯ ಪತ್ರದ ವಿಚಾರಣೆಗೆ ಗ್ರಾಮ ಆಡಳಿತಾಧಿಕಾರಿಯೂ ಬಂದರು. ಬೀಗರ ಮುಂದೆ ಸಣ್ಣವನಾಗುವುದು ಹೇಗೆಂದು ಈ ಮನುಷ್ಯ ಮೀಸೆಯ ಮೇಲೆ ಕೈ ಇಟ್ಟು ಆರು ಲಕ್ಷ ಬರೆಸಿದ. ಲಗ್ನವೇನೋ ಆಯಿತು. ಅಂಕಿ ಹಾಗೇ ಉಳಿಯಿತು.

“ಈ ಕಾಗದ ಇಟ್ಕೊಂಡು ಅರ್ಜಿ ಹಾಕಿದ್ರ ಸ್ಕಾಲರ್‌ಶಿಪ್ ದಕ್ಕಂಗಿಲ್ಲ ಕಾಕಾ. ನಾಡಕಚೇರಿಗೆ ಹೋಗಿ ಹೊಸಾದಕ್ಕ ಅರ್ಜಿ ಕೊಡ್ರಿ. ಖರೇ ಇದ್ದದ್ದನ್ನ ಹೇಳ್ರಿ.”

“ತಿರುಗಿ ವಿಚಾರಣಿಗೆ ಬರ್ತಾರ. ಬೀಗರ ಕಿವಿಗೆ ಬಿದ್ರ? ಸುಳ್ಳು ಹೇಳಿ ಹೆಣ್ಣ ತಂದ್ರು ಅನ್ನಂಗಿಲ್ಲೇನು?”

ಹಿಟ್ಟು ನಾದುತ್ತಿದ್ದ ಸೊಸೆ ತಲೆ ಎತ್ತದೆ ಹೇಳಿದಳು. “ಮಾವಾರ, ನಾ ಬಂದ ಎರಡ ವರ್ಷ ಆತು. ಅಂಗಡಿ ಗಲ್ಲಾ ನಾನೂ ನೋಡೀನ್ರಿ.”

“ನೀ ನೋಡೀದಿ. ನಿಮ್ಮಪ್ಪ ನೋಡಿಲ್ಲಲ್ಲವ್ವ!”

ಶೇಖರಮ್ಮ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ನಿಮ್ಮ ಆರು ಲಕ್ಷ ಧಾರವಾಡದಾಗ ಮಗಳಿಗೆ ಎರಡ ಹೊತ್ತು ಉಣಸ್ತೈತೇನ್ರಿ? ಉಣಸ್ತೈತಂದ್ರ ಇಟ್ಕೋರಿ.”

ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಮರುದಿನ ಶೇಖರಮ್ಮ ಮಗಳನ್ನು ಕರೆದುಕೊಂಡು ನಾಡಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಗಂಡ ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಐದನೇ ದಿನ ವಿಚಾರಣೆಗೆ ಗ್ರಾಮ ಆಡಳಿತಾಧಿಕಾರಿ ಮೇಡಂ ಬಂದರು. ನಸೀಬು ನೋಡಿ, ಅದೇ ದಿನ ಕನಕಗಿರಿಯ ಬೀಗರು ಮಗಳನ್ನು ಕಾಣಲು ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು.

“ನಿಮ್ಮ ವಾರ್ಷಿಕ ಆದಾಯ ಎಷ್ಟ್ರಿ?” ಮೇಡಂ ಪೆನ್ನು ತೆಗೆದರು.

ವಿರೂಪಾಕ್ಷಪ್ಪ ಬೀಗರನ್ನು ನೋಡಿದ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅಮೃತಾಳನ್ನು ನೋಡಿದ. ಒಮ್ಮೆ ಕೆಮ್ಮಿದ.

“ತೊಂಬತ್ತ ಸಾವಿರ ಬರ್ಕೋರಿ ಮೇಡಂ. ಅಂಗಡಿ, ರೊಟ್ಟಿ, ಎರಡೆಕರೆ ಜ್ವಾಳ, ಎಲ್ಲಾ ಸೇರಿ ಅಷ್ಟ.”

ಬೀಗರ ಕೈಯ ಚಹಾದ ಬಸಿ ಅಲ್ಲೇ ನಿಂತಿತು. “ಏನ್ರೀ ಬೀಗರ, ಆವತ್ತ ಆರು ಲಕ್ಷ ಅಂದಿದ್ರಿ?”

“ಆವತ್ತ ನೀವು ಕುಂತಿದ್ರಿ ಅಂತ ಅಂದೆ.”

“ಇವತ್ತೂ ಕುಂತೀನಲ್ರಿ!”

“ಇವತ್ತ ಮಗಳೂ ನಿಂತಾಳ್ರಿ.”

ಬೀಗರು ಬಸಿ ಕೆಳಗಿಟ್ಟು ತೊಡೆ ತಟ್ಟಿಕೊಂಡು ನಕ್ಕರು. “ಹಂಗಾರ ನಂದೂ ಕೇಳ್ರಿ. ಹತ್ತೆಕರೆ ದಾಳಿಂಬರಿ ಅಂದಿದ್ನಲ್ಲ, ಮೂರ ಐತಿ! ಹುಡುಗಿ ಓದ್ಲಿ ಬಿಡ್ರಿ. ಆ ಸ್ಕಾಲರ್‌ಶಿಪ್ ಹೆಂಗಂತ ನನಗೂ ಹೇಳ್ರಿ, ನಮ್ಮ ಸಣ್ಣಾವಾ ಮುಂದಿನ ವರ್ಷ ಡಿಗ್ರಿಗೆ ಹೊಂಟಾನ.”

ಹೊಸ ಪತ್ರ ಕೈಗೆ ಬಂತು. ಸ್ಕಾಲರ್‌ಶಿಪ್ಪಿಗೂ ವಿದ್ಯಾಸಿರಿಗೂ ಅರ್ಜಿ ಹೋಯಿತು. ಆ ದುಡ್ಡು ಮೊದಲ ತಿಂಗಳೇ ಬರುವುದಿಲ್ಲವೆಂದು ನಾಹೀದಾ ಹೇಳಿದ್ದಳು. ಅದಕ್ಕೇ ಎರಡು ತಿಂಗಳ ಖರ್ಚಿಗೆ ಶೇಖರಮ್ಮ ಇನ್ನೊಂದು ಖಾನಾವಳಿಗೂ ರೊಟ್ಟಿ ಬಡಿಯತೊಡಗಿದಳು. ಬ್ಯಾಂಕಿಗೆ ಮಾತ್ರ ವಿರೂಪಾಕ್ಷಪ್ಪ ತಾನೇ ಹೊರಟ. ರೂಮಿನ ಬಾಡಿಗೆ, ಮೆಸ್ಸು, ಪುಸ್ತಕವೆಂದು ಒಂದೊಂದಾಗಿ ಬರೆಸಿದ. ಮ್ಯಾನೇಜರು ಇನ್ನೂ ಹೆಚ್ಚು ಬೇಕೇ ಎಂದಾಗ, “ಬ್ಯಾಡ್ರಿ ಸಾಹೇಬ್ರ, ಇಷ್ಟ ಸಾಕು,” ಎಂದು ಮಗಳ ಸಹಿಯ ಕೆಳಗೆ ತನ್ನ ಸಹಿ ಹಾಕಿದ. ಕೊನೆಯ ದಿನಕ್ಕೆ ಎರಡು ದಿನ ಇರುವಾಗಲೇ ಅಮೃತಾ ವಿಶ್ವವಿದ್ಯಾಲಯದಲ್ಲಿ ಹಾಜರಿ ಹಾಕಿದಳು.

ತಾಯಂದಿರೇ, ತಂದೆಯಂದಿರೇ, ನಿಮ್ಮ ಮನೆಯ ಆದಾಯ ಪತ್ರದಲ್ಲಿ ಏನು ಬರೆದಿದೆ? ಇವತ್ತೇ ತೆಗೆದು ನೋಡಿ. ಹೆಚ್ಚು ಬರೆಸಿದರೆ ಮಕ್ಕಳ ಹಕ್ಕು ಹೋಗುತ್ತದೆ, ಕಡಿಮೆ ಬರೆಸಿದರೆ ಅಪರಾಧವಾಗುತ್ತದೆ. ಇದ್ದದ್ದನ್ನೇ ಬರೆಸಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಅರ್ಜಿಯ ಕೊನೆಯ ದಿನ ಯಾವುದು ಎಂದು ಕಾಲೇಜಿನಲ್ಲಿ ಕೇಳಿ. ಮಾಡಿಸಿಕೊಡುತ್ತೇನೆಂದು ದುಡ್ಡು ಕೇಳುವವರ ಕೈಗೆ ಕಾಗದ ಕೊಡಬೇಡಿ. ಸಾಲದ ಪತ್ರವನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ, ತಿಳಿಯದ್ದನ್ನು ಕೇಳಿ, ಆಮೇಲೆ ಸಹಿ ಮಾಡಿ. ಕೇಳಿದರೆ ನಮ್ಮ ಮಾನವೇನೂ ಹೋಗುವುದಿಲ್ಲ. ಅನ್ನಕ್ಕೆ ದುಡ್ಡಿಲ್ಲವೆಂದು ಯಾವ ಮಗುವೂ ಸೀಟು ಬಿಟ್ಟು ಮನೆಗೆ ಬರುವಂತಾಗಬಾರದು.