ಹೊಸತೊಡಕಿಲ್ಲದ ವರ್ಷ

ಅದು ಸುರುವಾದದ್ದು ತೊಂಬತ್ತೆಂಟನೇ ಇಸವಿಯ ಚೈತ್ರದ ಬಿಸಿಲಲ್ಲಿ, ಯುಗಾದಿಯ ಮಾರನೆಯ ದಿನ, ಚಾಮರಾಜಪೇಟೆಯವರೆಲ್ಲ ಊಟ ಮುಗಿಸಿ ಬಾಗಿಲು ಮುಂದೆ ಮಾಡಿಕೊಂಡು ಅಡ್ಡಾಗುವ ಹೊತ್ತಿನಲ್ಲಿ. ಮುನೇಶ ಇದ್ದದ್ದು ಈಜಿಪ್ಟಿನ ಒಂದು ಬಂದರಿನಲ್ಲಿ. ಅಲ್ಲಿ ಆಗಿನ್ನೂ ಬೆಳಗ್ಗೆ.

ದುಡ್ಡಿದ್ದವರನ್ನು ಕೂರಿಸಿಕೊಂಡು ಭೂಮಿಯನ್ನೇ ಒಂದು ಸುತ್ತು ಹಾಕುವ ಹಡಗು ಅದು. ಅದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಅವನದು. ಸುತ್ತು ಮುಗಿಯಲು ಇನ್ನು ಕೆಲವೇ ವಾರ ಉಳಿದಿತ್ತು. ಇಂಗ್ಲೆಂಡಿನ ದಡ ಮುಟ್ಟಿದರೆ ಕೆಲಸದವರನ್ನು ವಿಮಾನದಲ್ಲಿ ಮುಂಬಯಿಗೆ ಕಳಿಸುತ್ತಾರೆ, ಅಲ್ಲಿಂದ ರೈಲು, ಆಮೇಲೆ ಅಮ್ಮ.

ಅಮ್ಮ ಮುನಿರತ್ನಮ್ಮ ಸೊಪ್ಪು ಮಾರುವವಳು. ಕಲಾಸಿಪಾಳ್ಯದಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಬಂದು ಅವಳು ಒಂದು ಸಲ ಕೂಗಿದರೆ ಆಚೆ ರಸ್ತೆಯವರೂ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಮಗ ಹೊರಟ ದಿನ ಅವಳು ಮೊಸರನ್ನ ಕಲಸಿ ಕೈತುತ್ತು ಹಾಕಿದ್ದಳು. ಇಷ್ಟೆತ್ತರದ ಗಂಡಸಿಗೆ ತುತ್ತೇ ಎಂದು ಅತ್ತಿಗೆ ಪ್ರೇಮಲತಾ ನಕ್ಕಾಗ, "ಸಾಲ ಕೊಡ್ತಾ ಇದೀನಿ ಕಣೇ," ಎಂದಿದ್ದಳು. "ವಾಪಸ್ ಬಂದ್ಮೇಲೆ ಇವನು ನಂಗೆ ತಿನ್ನಿಸಿ ತೀರಿಸ್ಲಿ."

ಹಡಗಿನ ಒಡಲಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚುವಾಗೆಲ್ಲ ಮುನೇಶ ನೆನೆಯುತ್ತಿದ್ದದ್ದು ಆ ಮಾತನ್ನೇ.

ಮನೆಯಲ್ಲಿ ಫೋನು ಇರಲಿಲ್ಲ. ಪಕ್ಕದ ಮನೆಯ ಶೈಲಜಮ್ಮನವರ ನಂಬರಿಗೆ ಮಾಡಿದರೆ ಅವರು ಗೋಡೆಯಾಚೆಯಿಂದ ಕೂಗಿ ಕರೆಯುತ್ತಿದ್ದರು. ಆವತ್ತೂ ಬಂದರಿನಿಂದ ಹಾಗೇ ಮಾಡಿದ.

"ಹಬ್ಬ ಜೋರಾ ಶೈಲಜಮ್ಮ? ನಮ್ಮನೆ ಹೊಸತೊಡಕಿನ ಸಾರಿನ ವಾಸನೆ ನಿಮ್ಗೆ ಬಂದಿರ್ಬೇಕಲ್ಲ, ಮೂಗು ಮುಚ್ಕೊಂಡ್ರಾ?"

"ಎಲ್ಲಿ ಹಬ್ಬನಪ್ಪಾ. ನಿಮ್ಮನೇಲಿ ಈ ಸಲ ಒಬ್ಬಟ್ಟೂ ಇಲ್ಲ, ಹೊಸತೊಡಕೂ ಇಲ್ಲ. ತೋರಣನೂ..." ಎಂದವರು ತಟ್ಟನೆ ನಿಲ್ಲಿಸಿದರು. "ಇರು, ನಿಮ್ಮಣ್ಣನ್ನ ಕರೀತೀನಿ."

ಮುನೇಶ ಫೋನನ್ನು ಕಿವಿಗೆ ಒತ್ತಿ ಹಿಡಿದ. ತೋರಣ ಕಟ್ಟದೆ, ಒಬ್ಬಟ್ಟು ತಟ್ಟದೆ, ಮಾರನೆಯ ದಿನ ಮಾಂಸದ ಸಾರು ಇಡದೆ ಅವನ ಮನೆ ಯುಗಾದಿ ಕಳೆದದ್ದು ಒಂದೇ ವರ್ಷ, ಅಪ್ಪ ಸತ್ತ ವರ್ಷ. ಸಾವಾದ ಮನೆಗೆ ವರ್ಷ ತುಂಬುವ ತನಕ ಹಬ್ಬವಿಲ್ಲ.

ಅಣ್ಣ ಮುನಿಗಂಗಪ್ಪ ಬಂದ.

"ಅಮ್ಮ ಎಲ್ಲಣ್ಣ?"

"ಮಲಗಿದಾಳೆ ಕಣೋ."

"ಎಬ್ಸು. ಒಂದ್ ಮಾತು ಸಾಕು."

"ಬೇಡ ಬಿಡೋ ಈಗ. ನೀನು ನೆಟ್ಟಗೆ ಕೆಲಸ ಮುಗಿಸ್ಕೊಂಡ್ ಬಾ. ಬಂದ್ಮೇಲೆ ಎಲ್ಲಾ ಮಾತಾಡಣ."

ಅಪ್ಪ ಸತ್ತಾಗ ಮಿಲಿಟರಿಯಲ್ಲಿದ್ದ ಚಿಕ್ಕಪ್ಪನಿಗೆ ಇದೇ ಅಣ್ಣ ಇದೇ ಮಾತು ಹೇಳಿದ್ದ. ಮಲಗಿದಾನೆ, ನೀನು ಬಾ, ಮಾತಾಡಣ. ಆಗ ಮುನೇಶ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ.

ಆಮೇಲಿನ ದಿನಗಳು ಅವನಿಗೆ ದಿನಗಳಾಗಿ ಉಳಿಯಲಿಲ್ಲ. ಮುಂದಿನ ಬಂದರಿನಲ್ಲಿ ಇಳಿಸಿಬಿಡಿ ಎಂದು ಅಡುಗೆಮನೆಯ ಮೇಲ್ವಿಚಾರಕನ ಮುಂದೆ ಕೈಮುಗಿದ. ಮನೆಯಿಂದ ತಂತಿ ಬಂದಿದೆಯಾ ಎಂದು ಅವನು ಕೇಳಿದ. ಬಂದಿರಲಿಲ್ಲ. ಹಾಗಾದರೆ ಈರುಳ್ಳಿ ಹೆಚ್ಚು, ಎಂದ. ಮುನೇಶ ಹೆಚ್ಚಿದ. ಈರುಳ್ಳಿಯ ಮುಂದೆ ಅತ್ತರೆ ಯಾರೂ ಯಾಕೆಂದು ಕೇಳುವುದಿಲ್ಲ. ಮೇಲೆ ಯಾತ್ರಿಕರು ಕೊನೆಯ ವಾರಗಳೆಂದು ದಿನಕ್ಕೊಂದು ಔತಣ ಮಾಡುತ್ತಿದ್ದರು; ಕೆಳಗೆ ಅವನು ತಟ್ಟೆಯ ಅನ್ನವನ್ನು ಮುಟ್ಟದೆ ಎತ್ತಿಡುತ್ತಿದ್ದ. ಅಪ್ಪನಿಗಾದರೆ ಹಿರಿಯ ಮಗ, ಅಮ್ಮನಿಗೆ ಕಿರಿಯ ಮಗನೇ ಕರ್ಮ ಮಾಡಬೇಕು. ಕಿರಿಯ ಮಗ ನೀರಿನ ಮೇಲಿದ್ದ. ತಾಯಿ ಹಸಿದು ಬಾಗಿಲಲ್ಲಿ ನಿಂತಿರುವ ಹಾಗೆ ಅವನಿಗೆ ಕಾಣುತ್ತಿತ್ತು.

ಹಡಗಿನಲ್ಲಿ ಕನ್ನಡ ಬಲ್ಲವನೆಂದರೆ ಬಟ್ಟೆ ಒಗೆಯುವ ವಿಭಾಗದ ದೇವಯ್ಯ ಒಬ್ಬನೇ, ಮಡಿಕೇರಿ ಕಡೆಯ ವಯಸ್ಸಾದ ಮನುಷ್ಯ.

"ಯಾರಾದ್ರೂ ಬಾಯಿಬಿಟ್ಟು ಹೇಳಿದ್ರಾ ನಿಂಗೆ?" ಎಂದು ದೇವಯ್ಯ ಕೇಳಿದ.

"ನೀರ್ ಮೇಲೆ ಇರೋನಿಗೆ ಯಾರ್ ಹೇಳ್ತಾರೆ ದೇವಯ್ಯಣ್ಣ? ಹಬ್ಬ ಮಾಡಿಲ್ಲ ಅಂದ್ಮೇಲೆ ಇನ್ನೇನಿದೆ?"

"ಇನ್ನೊಂದ್ಸಲ ಫೋನ್ ಮಾಡು."

"ಮಾಡ್ದೆ. ಆಗ್ಲೂ ಮಲಗಿದಾಳೆ ಅಂದ. ಯಾರಣ್ಣ ಅಷ್ಟೊಂದು ಮಲಗ್ತಾರೆ?"

ಕೊನೆಗೆ ದೇವಯ್ಯ ನೀರು ತಂದಿಟ್ಟ. ತನ್ನ ಗಡ್ಡದ ಕತ್ತಿಯಿಂದ ತಾನೇ ಮುನೇಶನ ತಲೆ ಬೋಳಿಸಿದ, ಮೀಸೆ ತೆಗೆದ. ಮುನೇಶ ಅನ್ನ ಬೇಯಿಸಿ ಉಂಡೆ ಕಟ್ಟಿದ. ಕರಿ ಎಳ್ಳು ಸಿಗಲಿಲ್ಲ. ಬನ್ನಿನ ಮೇಲೆ ಉದುರಿಸುವ ಬಿಳಿ ಎಳ್ಳನ್ನೇ ಹಾಕಿದ. ಬೆಳಗಿನ ಜಾವ ಕೆಲಸದವರ ಡೆಕ್ಕಿಗೆ ಹೋಗಿ ಅಂಚಿನ ಕಟ್ಟೆಯ ಮೇಲೆ ಇಟ್ಟು, ಅಮ್ಮಾ ತಗೋ, ಎಂದ. ಕಾಗೆಯಿಲ್ಲದ ಜಾಗ ಅದು. ಆದರೆ ಎಲ್ಲಿಂದಲೋ ಒಂದು ಬಿಳಿ ಕಡಲಹಕ್ಕಿ ಇಳಿದು ಒಂದು ಉಂಡೆ ಕಚ್ಚಿಕೊಂಡು ಹೋಯಿತು. ಉಳಿದದ್ದನ್ನು ನೀರಿಗೆ ಬಿಟ್ಟ. ಆವತ್ತು ಅವನು ಅಷ್ಟು ದಿನದ ಮೇಲೆ ಹೊಟ್ಟೆತುಂಬ ಉಂಡ.

ವೈಶಾಖದ ಒಂದು ಬೆಳಗ್ಗೆ ಆಟೋ ಮನೆಯ ಮುಂದೆ ನಿಂತಿತು. ಮುನೇಶ ಪೆಟ್ಟಿಗೆ ಇಳಿಸಿ ತಲೆಯೆತ್ತಿದರೆ, ಜಗಲಿಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು, ಮುನಿರತ್ನಮ್ಮನನ್ನು. ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

"ಶಿವರಾತ್ರಿ ಆದ್ಮೇಲೆ ಲಕ್ವ ಹೊಡೀತು ಕಣೋ," ಎಂದು ಓಡಿಬಂದ ಅಣ್ಣ ಹೇಳಿದ. "ಮಾತು ಹೋಯ್ತು. ಕಿವಿ ಚೆನ್ನಾಗಿದೆ, ಎಲ್ಲಾ ಗೊತ್ತಾಗುತ್ತೆ. ಯುಗಾದೀಲಿ ಆಸ್ಪತ್ರೇಲಿದ್ಲು, ಯಾರಿಗ್ ಬೇಕಿತ್ತು ಹಬ್ಬ? ನಿಂಗೆ ಹೇಳಿದ್ರೆ ನೀರಿಗೆ ಹಾರ್ತೀಯ ಅಂತ..." ಅಷ್ಟರಲ್ಲಿ ಅವನ ಕಣ್ಣು ತಮ್ಮನ ತಲೆಯ ಮೇಲೆ ಬಿತ್ತು. "ಇದೇನೋ ಇದು? ಯಾರಿಗ್ ಕೊಟ್ಟೆ ತಲೆ?"

ಮುನೇಶ ಜಗಲಿಯ ಮೆಟ್ಟಿಲಲ್ಲೇ ಕುಸಿದು ಎಲ್ಲವನ್ನೂ ಹೇಳಿಬಿಟ್ಟ. ಬಿಳಿ ಎಳ್ಳು, ಹಕ್ಕಿ, ಅಮ್ಮಾ ತಗೋ ಎಂದದ್ದು. ಹೇಳಬಾರದಿತ್ತು. ಆದರೆ ಅಷ್ಟು ದಿನ ತಡೆದದ್ದು ನಿಲ್ಲಲಿಲ್ಲ. ಮುನಿರತ್ನಮ್ಮ ಪೂರ್ತಿ ಕೇಳಿಸಿಕೊಂಡಳು. ಕೇಳಿ, ಎಡಗೈ ಚಾಚಿ ಅವನ ಬೋಳುತಲೆಯನ್ನು ಸವರಿದಳು, ಜ್ವರ ಬಂದ ಮಗುವಿನ ತಲೆ ಸವರುವ ಹಾಗೆ.

"ಒಳ್ಳೇದೇ ಆಯ್ತು ಬಿಡು," ಎಂದರು ಗೋಡೆಯಾಚೆಯಿಂದ ಶೈಲಜಮ್ಮ. "ಸತ್ರು ಅಂತ ಸುದ್ದಿ ಹುಟ್ಟಿದೋರಿಗೆ ಆಯಸ್ಸು ಜಾಸ್ತಿ ಅಂತಾರೆ."

ಮಧ್ಯಾಹ್ನ ಮುನೇಶ ಕೈ ತೊಳೆದುಕೊಂಡು ಮೊಸರನ್ನ ಕಲಸಿದ. ಮೆತ್ತಗೆ ಹಿಸುಕಿ, ತುತ್ತು ಮಾಡಿ, ಬಾಯಿಯ ಹತ್ತಿರ ಹಿಡಿದ. ಅಮ್ಮ ತುತ್ತನ್ನು ನೋಡಿದಳು. ಅವನನ್ನು ನೋಡಿದಳು. ತುಟಿ ಬಿಗಿಯಾಗಿ ಮುಚ್ಚಿಕೊಂಡು ಮುಖ ಗೋಡೆಯ ಕಡೆ ತಿರುಗಿಸಿದಳು.

ಪ್ರೇಮಲತಾ ಅದೇ ತಟ್ಟೆ ತೆಗೆದುಕೊಂಡು ತಿನ್ನಿಸಿದರೆ ತಿಂದಳು.

ಮಾರನೆಯ ದಿನವೂ ಹಾಗೆಯೇ. ಇಡ್ಲಿ ಮುರಿದು ಕೊಟ್ಟ, ಬೇಡ. ಗಂಜಿ ಚಮಚದಲ್ಲಿ ಹಿಡಿದ, ಬೇಡ. ಅವನು ಕಾಲು ಒತ್ತಿದರೆ ಒತ್ತಿಸಿಕೊಳ್ಳುತ್ತಿದ್ದಳು, ಎತ್ತಿ ಕೂರಿಸಿದರೆ ಕೂರುತ್ತಿದ್ದಳು, ಅವನು ಪಕ್ಕದಲ್ಲಿ ಮಲಗಿದರೆ ಕೈ ತಲೆಯ ಮೇಲೆ ಬರುತ್ತಿತ್ತು. ಅನ್ನ ಮಾತ್ರ ಅವನ ಕೈಯಿಂದ ಬೇಡ.

"ಕೋಪ ಅಲ್ಲ ಬಿಡಿ," ಎಂದಳು ಪ್ರೇಮಲತಾ. "ಕೋಪ ಇದ್ದಿದ್ರೆ ತಲೆ ಸವರ್ತಿದ್ರಾ?"

"ಮತ್ತೇನ್ ಅತ್ತಿಗೆ?"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಿಮ್ಮ ಕೈಯಿಂದ ಬರೋ ಅನ್ನ ಹಡಗಲ್ಲೇ ಬಂದಾಯ್ತು ಅಂದ್ಕೊಂಡಿದಾರೇನೋ."

ಮುನೇಶ ಅಮ್ಮನ ಪಾದ ಹಿಡಿದು ಬೇಡಿಕೊಂಡ. ಅದು ನಿಂಗಲ್ಲಮ್ಮ, ಆ ಹಕ್ಕಿಗೆ, ಎಂದ. ದೇವರ ಮೇಲೆ ಆಣೆ ಇಟ್ಟ. ಮುನೇಶ್ವರನ ಗುಡಿಯ ಪೂಜಾರಿಯಿಂದ ತೀರ್ಥ ತಂದ. ತೀರ್ಥ ಕುಡಿದಳು, ಅವನ ಕೈಯ ಪ್ರಸಾದ ಬಿಟ್ಟಳು. ಹಡಗಿನ ಏಜೆಂಟು ಮುಂದಿನ ಸುತ್ತಿಗೆ ಕರೆದಾಗ, ಹೋಗೋ, ಇಲ್ಲಿ ನಾವಿದೀವಿ, ಎಂದ ಅಣ್ಣ. ಮುನೇಶ ಹೋಗಲಿಲ್ಲ. ದಿನಾ ಮಧ್ಯಾಹ್ನ ಕೈ ತೊಳೆದುಕೊಂಡು ಒಂದು ತುತ್ತು ಮಾಡಿ ಹಿಡಿಯುತ್ತಿದ್ದ. ಅವಳು ಮುಖ ತಿರುಗಿಸಿದ ಮೇಲೆ ಅದನ್ನು ಕಾಗೆಗೆ ಹಾಕಲು ಧೈರ್ಯ ಸಾಲದೆ ತಾನೇ ತಿನ್ನುತ್ತಿದ್ದ.

ತಲೆಯ ಮೇಲೆ ಕೂದಲು ಬೆರಳಿಗೆ ಸಿಗುವಷ್ಟು ಬೆಳೆದಿತ್ತು, ಅವಳಿಗೆ ಎರಡನೇ ಸಲ ಲಕ್ವ ಹೊಡೆದಾಗ. ಬೆಳಗಾಗುವಷ್ಟರಲ್ಲಿ ಉಸಿರು ನಿಂತಿತ್ತು.

ಜಗಲಿಯ ಪಕ್ಕದಲ್ಲಿ ಕ್ಷೌರದವನು ಮುನೇಶನ ತಲೆಗೆ ನೀರು ಚಿಮುಕಿಸಿ ಕೈಯಾಡಿಸಿದ. "ಈಚೆಗೆ ಯಾರಿಗೋ ತಲೆ ಕೊಟ್ಟಿದೀರಲ್ಲ ಸ್ವಾಮಿ?"

"ಹೂಂ," ಎಂದ ಮುನೇಶ. "ಇವಳಿಗೇ."

ಆಮೇಲೆ ಬಾಯಿಗೆ ಅಕ್ಕಿ ಹಾಕಲು ಎಲ್ಲರೂ ಸಾಲಾಗಿ ಬಂದರು. ಅವನ ಸರದಿ ಬಂತು. ತಟ್ಟೆಯಿಂದ ನಾಲ್ಕು ಕಾಳು ತೆಗೆದು ಎಳೆದ ತುಟಿಯ ಮೇಲೆ ಇಟ್ಟ. ಮುಖ ಗೋಡೆಯ ಕಡೆ ತಿರುಗುತ್ತದೇನೋ ಎಂದು ಕಾದ. ತಿರುಗಲಿಲ್ಲ. ಅಕ್ಕಿ ಒಳಗೆ ಹೋಯಿತು.

ಮುನಿರತ್ನಮ್ಮ ಹೊರಟದ್ದು ಆಷಾಢದ ಮೊದಲ ಶುಕ್ರವಾರ.